ನಿನ್ನ ಊರು ಯಾವುದಪ್ಪಾ?

ಹೋದ ತಿಂಗಳು ಮಗಳು ಮತ್ತು ಮೊಮ್ಮಗ ಬಂದಿದ್ದರು. ಮೊಮ್ಮಗನಿಗೆ ಈಗ ಒಂಬತ್ತು ವರ್ಷ. ಹುಟ್ಟಿದ್ದು ಬೆಂಗಳೂರಿನಲ್ಲಿ. ಎರಡು ತುಂಬುವ ಮೊದಲೇ ಅಪ್ಪ ಅಮ್ಮನ ಜೊತೆ ಜರ್ಮನಿಗೆ ಹೋದವನು. ಸ್ಟುಟ್‌ಗಾರ್ಟ್ ಎಂಬ ನಗರದ ಹತ್ತಿರ ಅವರ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಜರ್ಮನ್. ಹುಳಿ ಅನ್ನವೂ ಬೇಕು, ಅವರ ಗಟ್ಟಿ ಬ್ರೆಡ್ಡೂ ಬೇಕು.

ಒಂದು ಬೆಳಿಗ್ಗೆ ಹಾಲು ತರಲು ಅವನನ್ನೂ ಕರೆದುಕೊಂಡು ಹೋದೆ. ಬೂತಿನ ಹತ್ತಿರ ಹಿಂದಿನ ಬೀದಿಯ ಅಜ್ಜಿಯೊಬ್ಬರು ಅವನ ಕೆನ್ನೆ ಸವರಿ, “ನಿನ್ನ ಊರು ಯಾವುದಪ್ಪಾ?” ಎಂದು ಕೇಳಿದರು. ನಮ್ಮಲ್ಲಿ ಹೊಸ ಮುಖ ಕಂಡರೆ ಮೊದಲು ಕೇಳುವುದೇ ಅದನ್ನು. ಹುಡುಗ ನನ್ನ ಮುಖ ನೋಡಿದ. “ಅಜ್ಜ, ಯಾವುದು ಹೇಳಬೇಕು?” ಎಂದು ಪಿಸುಗುಟ್ಟಿದ. ನಾನೇ ಅವನ ಪರವಾಗಿ “ಶಿವಮೊಗ್ಗದವನೇ, ನನ್ನ ಮಗಳ ಮಗ” ಎಂದು ಹೇಳಿ ಮುಗಿಸಿದೆ.

ವಾಪಸು ಬರುವಾಗ ಅವನು ಬಿಡಲಿಲ್ಲ. “ಅಜ್ಜ, ಅಲ್ಲಿ ಯಾರಾದರೂ ಕೇಳಿದರೆ ಇಂಡಿಯಾ ಅಂತೀನಿ. ಇಲ್ಲಿ ಕೇಳಿದರೆ ಜರ್ಮನಿ ಅಂತೀನಿ. ಎರಡು ಕಡೆಯೂ ನಾನು ಬೇರೆ ಊರಿನವನೇ ಅಲ್ವಾ?”

ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು ನಾನು. ಖಾತೆ ತೆರೆಯುವ ಅರ್ಜಿಯಲ್ಲಿ ‘ಖಾಯಂ ವಿಳಾಸ’ ಎಂಬ ಜಾಗ ಖಾಲಿ ಇದ್ದರೆ, “ಇದನ್ನು ತುಂಬಿ ಕೊಡಿ” ಎಂದು ಅರ್ಜಿಯನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಖಾಯಂ ವಿಳಾಸ ಬರೆಯಲು ತೋಚದವರೂ ಇರುತ್ತಾರೆ ಎಂದು ಆಗ ಯೋಚಿಸಿದ್ದೇ ಇಲ್ಲ.

ಈ ಪ್ರಶ್ನೆ ನನ್ನ ಮೊಮ್ಮಗನಿಗೇ ಮೊದಲು ಬಂದದ್ದಲ್ಲ. ನೂರು ನೂರೈವತ್ತು ವರ್ಷಗಳ ಹಿಂದೆಯೇ ಇದನ್ನು ಎದುರಿಸಿದ ಮಕ್ಕಳ ಒಂದು ದೊಡ್ಡ ಗುಂಪೇ ಇತ್ತು. ಅವರು ಮಿಷನರಿಗಳ ಮಕ್ಕಳು. ಕ್ರೈಸ್ತ ಧರ್ಮ ಸಾರಲು, ಶಾಲೆ ಆಸ್ಪತ್ರೆ ನಡೆಸಲು ಯುರೋಪು, ಅಮೆರಿಕಗಳಿಂದ ದೂರದ ದೇಶಗಳಿಗೆ ಹೊರಟವರನ್ನು ಮಿಷನರಿಗಳು ಎನ್ನುತ್ತೇವೆ. ಅವರ ಕೆಲಸದ ಬಗ್ಗೆ ಹೊಗಳುವವರೂ ಇದ್ದಾರೆ, ತೆಗಳುವವರೂ ಇದ್ದಾರೆ. ನಾನು ಇವತ್ತು ಹೇಳಹೊರಟಿರುವುದು ಅವರ ಮಕ್ಕಳ ವಿಷಯ. ಅಪ್ಪ ಅಮ್ಮ ತಾವಾಗಿಯೇ ಆರಿಸಿಕೊಂಡು ಹೊರಟರು. ಮಕ್ಕಳನ್ನು ಯಾರೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ನಾನು, ನಮ್ಮ ಮನೆಯವಳು ಮಗಳ ಮನೆಗೆ ಹೋಗಿದ್ದೆವು. ಒಂದು ರಜಾದಿನ ಅಳಿಯ ನಮ್ಮನ್ನು ಕಾಲ್ವ್ ಎಂಬ ಊರಿಗೆ ಕರೆದುಕೊಂಡು ಹೋದರು. ಕಪ್ಪು ಕಾಡು ಎಂದು ಹೆಸರಾದ ಪ್ರದೇಶದಲ್ಲಿ ನಾಗೋಲ್ಡ್ ಎಂಬ ಸಣ್ಣ ಹೊಳೆಯ ದಂಡೆಯ ಊರು ಅದು. ಮರದ ಚೌಕಟ್ಟಿನ ಹಳೆಯ ಮನೆಗಳು, ಕಲ್ಲಿನ ಹಳೆಯ ಸೇತುವೆ. ಸೇತುವೆಯ ಮೇಲೆ ಟೋಪಿ ಹಿಡಿದು ನಿಂತ ಮನುಷ್ಯನ ಕಂಚಿನ ಪ್ರತಿಮೆ. ಅದು ಹರ್ಮನ್ ಹೆಸ್ಸೆಯದು. ‘ಸಿದ್ಧಾರ್ಥ’ ಬರೆದವರು, 1946ರಲ್ಲಿ ನೊಬೆಲ್ ಬಹುಮಾನ ಪಡೆದವರು. 1877ರಲ್ಲಿ ಅವರು ಹುಟ್ಟಿದ್ದು ಅದೇ ಊರಿನಲ್ಲಿ.

ಜರ್ಮನಿಯ ಕಾಡಿನ ಊರಿನ ಹುಡುಗನಿಗೂ ಸಿದ್ಧಾರ್ಥ ಎಂಬ ಹೆಸರಿಗೂ ಎಲ್ಲಿಯ ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇರುವುದು ನಮ್ಮ ಪಕ್ಕದಲ್ಲೇ. ಹೆಸ್ಸೆಯ ತಾಯಿ ಮೇರಿ ಹುಟ್ಟಿದ್ದು 1842ರಲ್ಲಿ, ಕೇರಳದ ತಲಶ್ಶೇರಿಯಲ್ಲಿ. ಆಕೆಯ ತಂದೆ ಹರ್ಮನ್ ಗುಂಡರ್ಟ್ ಬಾಸೆಲ್ ಮಿಷನ್ನಿನವರು, ಮಲಯಾಳಂ ಭಾಷೆಯ ದೊಡ್ಡ ನಿಘಂಟು ಮಾಡಿದವರು. ಬಾಸೆಲ್ ಮಿಷನ್ ಎಂದರೆ ಕನ್ನಡದವರಿಗೆ ಹೊಸ ಹೆಸರೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದು ಇಳಿದವರು ಅವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಅವರ ಪೈಕಿ. ನಮ್ಮ ಅಜ್ಜನ ಮನೆಯ ಮಾಡಿನ ಮೇಲೆ ಕೂತಿದ್ದ ಮಂಗಳೂರು ಹಂಚನ್ನು ಕಾರ್ಖಾನೆಯಲ್ಲಿ ಮೊದಲು ಮಾಡಿಸಿದವರೂ ಅವರೇ.

ಈ ಮಿಷನ್ನಿನಲ್ಲಿ ಒಂದು ಕಟ್ಟಳೆ ಇತ್ತು. ಮಿಷನರಿಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದರೆ ಯುರೋಪಿಗೆ ಕಳಿಸಬೇಕು. ಅಪ್ಪ ಅಮ್ಮ ಇಲ್ಲೇ ಇರಬೇಕು. ಇಲ್ಲಿಯ ಬಿಸಿಲು, ಜ್ವರ, ಕಾಲರಾ ಒಂದು ಕಾರಣ. ತಮ್ಮ ದೇಶದ ಓದು ಇಲ್ಲಿ ಸಿಗದು ಎನ್ನುವುದು ಇನ್ನೊಂದು. ಆಯಾಗಳ, ಆಳುಗಳ ಮಕ್ಕಳ ಜೊತೆ ಬೆಳೆದು ನಮ್ಮವರ ಹಾಗೇ ಆಗಿಬಿಟ್ಟರೆ ಎಂಬ ಭಯ ಮೂರನೆಯದು. ಹೀಗೆ ಬಂದ ಮಕ್ಕಳನ್ನು ಇರಿಸಿಕೊಳ್ಳಲು 1850ರ ದಶಕದಲ್ಲಿ ಬಾಸೆಲ್ ಪಟ್ಟಣದಲ್ಲಿ ಮಕ್ಕಳ ಮನೆಯೊಂದನ್ನೇ ತೆರೆದರು.

ಮೇರಿಯದು ಅದಕ್ಕಿಂತಲೂ ಮೊದಲಿನ ಕಥೆ. ಅಪ್ಪ ಅಮ್ಮ ಯುರೋಪಿಗೆ ರಜೆಯ ಮೇಲೆ ಹೋದಾಗ ಮಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಬಿಟ್ಟು ಹಡಗು ಹತ್ತಿದರು. ಆಗ ಅವಳಿಗೆ ನಾಲ್ಕು ವರ್ಷದ ಆಸುಪಾಸು. ತಿರುಗಿ ಅವಳು ಇಂಡಿಯಾಕ್ಕೆ ಬಂದದ್ದು 1857ರಲ್ಲಿ, ಹದಿನೈದನೆಯ ವಯಸ್ಸಿಗೆ. ಅದೇ ವರ್ಷ ಅವಳ ಅಪ್ಪ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲೆಗಳಿಗೆ ಇನ್ಸ್‌ಪೆಕ್ಟರ್ ಆಗಿದ್ದರು. ಊರೂರಿನ ಮಕ್ಕಳು ಹೇಗೆ ಓದುತ್ತಿದ್ದಾರೆ ಎಂದು ನೋಡುವ ಕೆಲಸ. ಸ್ವಂತ ಮಗಳು ಅಕ್ಷರ ಕಲಿತದ್ದನ್ನು ಮಾತ್ರ ಅವರು ನೋಡಲಿಲ್ಲ.

ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕಾ ಖಂಡವನ್ನು ಬಳಸಿ ಬರುವ ಹಡಗಿಗೆ ನಾಲ್ಕೈದು ತಿಂಗಳು ಬೇಕು. ಈಜಿಪ್ಟಿನಲ್ಲಿ ಇಳಿದು ನೆಲದ ಮೇಲೆ ಸಾಗಿ ಇನ್ನೊಂದು ಹಡಗು ಹಿಡಿಯುವ ಹತ್ತಿರದ ದಾರಿಯಲ್ಲೂ ಕಾಗದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ‘ನನಗೆ ಜ್ವರ’ ಎಂದು ಮಗು ಬರೆದರೆ, ‘ಹೇಗಿದ್ದೀಯಾ?’ ಎಂಬ ಉತ್ತರ ಕೈಸೇರುವಷ್ಟರಲ್ಲಿ ಜ್ವರ ಬಂದದ್ದೇ ಮರೆತುಹೋಗಿರುತ್ತದೆ.

ಇದೇ ಮೇರಿ ಮುಂದೆ ಮಿಷನರಿಯೊಬ್ಬರನ್ನು ಮದುವೆಯಾದರು. ಅವರು ತೀರಿಕೊಂಡ ಮೇಲೆ, ಮಂಗಳೂರಿನಲ್ಲೂ ಕೆಲಸ ಮಾಡಿ ಆರೋಗ್ಯ ಕೆಟ್ಟು ಹಿಂತಿರುಗಿದ್ದ ಯೊಹಾನೆಸ್ ಹೆಸ್ಸೆಯವರ ಕೈ ಹಿಡಿದರು. ಮಗ ಹರ್ಮನ್ ಅಜ್ಜನ ಪುಸ್ತಕದ ಕೋಣೆಯಲ್ಲಿ, ಇಂಡಿಯಾದ ಮಾತುಗಳನ್ನು ಕೇಳುತ್ತ ಬೆಳೆದ. ಹುಡುಗ ಬಲು ತುಂಟ, ಹಟಮಾರಿ. 1884ರಲ್ಲಿ ಅವನಿಗೆ ಇನ್ನೂ ಏಳು ತುಂಬುವ ಮೊದಲೇ ತಂದೆ ತಾಯಿ ಅವನನ್ನು ಕೆಲವು ತಿಂಗಳು ಮಿಷನ್ನಿನ ಹುಡುಗರ ಮನೆಗೆ ಸೇರಿಸಿದರು. ಆಗ ಅವರ ಮನೆ ಇದ್ದದ್ದು ಅದೇ ಬಾಸೆಲ್ ಊರಿನಲ್ಲಿ. ಆದರೂ ಹುಡುಗ ಮನೆಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ತಾನೇ ದೂರದಲ್ಲಿ ಬೆಳೆದ ತಾಯಿ ಮಗನನ್ನು ದೂರ ಇಟ್ಟದ್ದು ಹೇಗೆ ಎಂದು ಸೇತುವೆಯ ಮೇಲೆ ನಿಂತು ನಾನು ದೊಡ್ಡ ದನಿಯಲ್ಲೇ ಹೇಳಿದೆ. ನನ್ನ ಮಗಳು ಏನೂ ಮಾತಾಡಲಿಲ್ಲ. ವಾಪಸು ಬರುವಾಗ ಕಾರಿನಲ್ಲೂ ಸುಮ್ಮನಿದ್ದಳು. ಅದು ಏಕೆ ಎಂದು ಆಮೇಲೆ ಹೇಳುತ್ತೇನೆ.

ಹಾಗಾದರೆ ಮಕ್ಕಳನ್ನು ಜೊತೆಯಲ್ಲೇ ಇಟ್ಟುಕೊಂಡ ಮಿಷನರಿಗಳು ಇರಲಿಲ್ಲವೇ? ಇದ್ದರು. ಅಂಥ ಮನೆಯಲ್ಲಿ ಬೆಳೆದವಳು ಪರ್ಲ್ ಬಕ್.

ಪರ್ಲ್ ಹುಟ್ಟಿದ್ದು 1892ರ ಜೂನ್ 26ರಂದು, ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ. ಆಗ ತಂದೆ ತಾಯಿ ಚೀನಾದಿಂದ ರಜೆಯ ಮೇಲೆ ಬಂದಿದ್ದರು. ಕೂಸಿಗೆ ಕೆಲವು ತಿಂಗಳು ತುಂಬುವಷ್ಟರಲ್ಲಿ ಮತ್ತೆ ಚೀನಾಕ್ಕೆ ಹೊರಟರು. ಯಾಂಗ್‌ಟ್ಸಿ ಮಹಾನದಿಯ ದಂಡೆಯ ಝೆಂಜಿಯಾಂಗ್ ಅವಳು ಬೆಳೆದ ಊರು. ಅವಳನ್ನು ಎತ್ತಿ ಆಡಿಸಿದ್ದು ವಾಂಗ್ ಎಂಬ ಮುದುಕಿ ಆಯಾ. ಮೊದಲು ಸಲೀಸಾಗಿ ಬಂದ ಮಾತೂ ಚೀನೀ ಭಾಷೆಯೇ. ಅವಳ ಕೂದಲು ಹೊಂಬಣ್ಣದ್ದು, ಕಣ್ಣು ನೀಲಿ. ಹೊರಗೆ ಕರೆದುಕೊಂಡು ಹೋಗುವಾಗ ಆಯಾ ಆ ಕೂದಲನ್ನು ಟೋಪಿಯೊಳಗೆ ಸೇರಿಸಿ ಮುಚ್ಚುತ್ತಿದ್ದಳಂತೆ. ಚೆಂದದ ಮಗುವಿಗೆ ಕಪ್ಪು ಕೂದಲಿರಬೇಕು ಎನ್ನುವುದು ಆ ಊರಿನ ಲೆಕ್ಕ. ಬಿಳಿಯರ ಮಗುವಿಗೆ ತನ್ನ ಬಣ್ಣವೇ ದೋಷದಂತೆ ಕಂಡ ಕಾಲ ಅದು.

ಬೆಳಿಗ್ಗೆ ಅಮ್ಮ ಅಮೆರಿಕದ ಪಾಠ ಹೇಳುತ್ತಿದ್ದರು. ಮಧ್ಯಾಹ್ನ ಕುಂಗ್ ಎಂಬ ಹಿರಿಯ ವಿದ್ವಾಂಸರು ಬಂದು ಚೀನೀ ಓದು ಬರಹ, ಕನ್ಫ್ಯೂಶಿಯಸ್‌ನ ನೀತಿ ಕಲಿಸುತ್ತಿದ್ದರು. ಉಳಿದ ಹೊತ್ತೆಲ್ಲ ಪಕ್ಕದ ಮನೆಗಳಲ್ಲಿ, ಜಗಲಿಯ ಕಥೆಗಳಲ್ಲಿ, ಬೀದಿ ನಾಟಕದವರ ಮುಂದೆ. ಮನೆಗೆ ಬಂದರೆ ಚಾರ್ಲ್ಸ್ ಡಿಕನ್ಸ್‌ನ ಕಾದಂಬರಿಗಳು. ಅವನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಶಾಂಘೈಯ ಇಂಗ್ಲಿಷ್ ಪತ್ರಿಕೆಯ ಮಕ್ಕಳ ಪುಟಕ್ಕೆ ಚಿಕ್ಕ ಬರಹ ಕಳಿಸುತ್ತಿದ್ದಳು. ಬಹುಮಾನದ ಪುಡಿಗಾಸೂ ಬರುತ್ತಿತ್ತು. ಈ ಪತ್ರಿಕೆಗೆ ಕಥೆ, ಚಿತ್ರ ಕಳಿಸುವ ಮಕ್ಕಳು ಇದನ್ನು ನೆನಪಿಡಿ.

ದೊಡ್ಡವಳಾದ ಮೇಲೆ ಪರ್ಲ್ ತನ್ನ ಬಾಲ್ಯವನ್ನು ನೆನೆಸಿಕೊಂಡು, ತಾನು ಎರಡು ಲೋಕಗಳಲ್ಲಿ ಬೆಳೆದೆ ಎಂದು ಬರೆದಳು. ಒಂದು ತಂದೆ ತಾಯಿಯ ಪುಟ್ಟ, ಬಿಳಿಯ, ಚೊಕ್ಕಟವಾದ ಲೋಕ. ಇನ್ನೊಂದು ಅಷ್ಟೇನೂ ಚೊಕ್ಕಟವಲ್ಲದ, ಆದರೆ ನಗು, ಗದ್ದಲ, ಪ್ರೀತಿ ತುಂಬಿದ ದೊಡ್ಡ ಚೀನೀ ಲೋಕ. ಒಂದರಲ್ಲಿರುವಾಗ ಇನ್ನೊಂದರ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳಂತೆ. ಇದನ್ನು ಓದಿದಾಗ ನನಗೆ ಮೊಮ್ಮಗನ ಹೊಸಿಲು ನೆನಪಾಯಿತು.

ಮಕ್ಕಳನ್ನು ಜೊತೆಯಲ್ಲಿಟ್ಟುಕೊಂಡದ್ದು ಸುಮ್ಮನೆ ಆಗಲಿಲ್ಲ. ಪರ್ಲ್‌ಳ ತಾಯಿ ಏಳು ಮಕ್ಕಳನ್ನು ಹೆತ್ತರು. ನಾಲ್ಕು ಮಕ್ಕಳು ಚಿಕ್ಕಂದಿನಲ್ಲೇ ಹೋದವು. ಗುರು ಕುಂಗ್ ಅವರೂ 1905ರಲ್ಲಿ ಕಾಲರಾ ಬಂದು ತೀರಿಕೊಂಡರು. ಬಾಸೆಲ್ಲಿನವರ ಕಟ್ಟಳೆಗೆ ಇದ್ದ ಭಯ ಸುಳ್ಳು ಭಯವಲ್ಲ ಎಂದು ಈ ಲೆಕ್ಕ ನೋಡಿದರೆ ತಿಳಿಯುತ್ತದೆ. ತಂದೆಯಂತೂ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಆಡುಮಾತಿನ ಚೀನೀ ಭಾಷೆಗೆ ತರುವುದರಲ್ಲೇ ಮುಳುಗಿದ್ದರು. ಮನೆಖರ್ಚಿನ ಹಣವೂ ಅದರ ಅಚ್ಚಿಗೇ ಹೋಗುತ್ತಿತ್ತು. ಪರ್ಲ್ ಮುಂದೆ ತಂದೆಯ ಮತ್ತು ತಾಯಿಯ ಜೀವನವನ್ನು ಎರಡು ಬೇರೆ ಬೇರೆ ಪುಸ್ತಕಗಳಾಗಿ ಬರೆದಳು. ತಾಯಿಯ ಪುಸ್ತಕಕ್ಕೆ ಅವಳಿಟ್ಟ ಹೆಸರಿನ ಅರ್ಥ ‘ದೇಶ ಬಿಟ್ಟವಳು’ ಎಂದು.

1900ರಲ್ಲಿ ಪರ್ಲ್‌ಗೆ ಎಂಟು ವರ್ಷ. ವಿದೇಶಿಯರ ವಿರುದ್ಧ ಚೀನಾದಲ್ಲಿ ಬಾಕ್ಸರ್ ದಂಗೆ ಎದ್ದಿತು. ವಿದೇಶಿಯರು ಚೀನಾದ ಬಂದರುಗಳನ್ನು, ವ್ಯಾಪಾರವನ್ನು ಬಲವಂತದಿಂದ ಹಿಡಿದುಕೊಂಡಿದ್ದರು, ಸಿಟ್ಟಿಗೆ ಕಾರಣವಿತ್ತು. ನಿನ್ನೆಯವರೆಗೆ ಆಡಲು ಕರೆಯುತ್ತಿದ್ದ ಮನೆಗಳವರು ಬರುವುದನ್ನು ನಿಲ್ಲಿಸಿದರು. ತಾಯಿ ಪರ್ಲ್‌ಳನ್ನೂ ಕೈಗೂಸು ತಂಗಿಯನ್ನೂ ಕರೆದುಕೊಂಡು ಶಾಂಘೈಗೆ ಹೋದರು. ತಂದೆ ಊರು ಬಿಡಲಿಲ್ಲ. ತನ್ನನ್ನು ಚೀನೀ ಹುಡುಗಿ ಎಂದೇ ತಿಳಿದಿದ್ದ ಮಗುವಿಗೆ ‘ನೀನು ನಮ್ಮವಳಲ್ಲ’ ಎಂದು ತಿಳಿದದ್ದು ಹಾಗೆ.

ಹದಿನೆಂಟಕ್ಕೆ ಕಾಲೇಜಿಗೆಂದು ಅಮೆರಿಕಕ್ಕೆ ಹೋದಳು. ಅಲ್ಲಿಯಾದರೂ ‘ನಮ್ಮವಳು’ ಎಂದರೇ? ಅವಳ ಬಟ್ಟೆ ಹಳೆಯ ತರಹದ್ದು, ನಡವಳಿಕೆ ಬೇರೆ. ಹುಡುಗಿಯರು ವಿಚಿತ್ರ ಪ್ರಾಣಿ ನೋಡಿದ ಹಾಗೆ ನೋಡಿದರು. ಪರ್ಲ್ ಬಟ್ಟೆ ಬದಲಾಯಿಸಿದಳು, ಮಾತು ತಿದ್ದಿಕೊಂಡಳು, ಕೊನೆಗೆ ತರಗತಿಯ ಅಧ್ಯಕ್ಷೆಯೂ ಆದಳು. ಆದರೆ ಓದು ಮುಗಿದ 1914ರಲ್ಲೇ ಚೀನಾಕ್ಕೆ ಮರಳಿದಳು. 1927ರಲ್ಲಿ ನಾನ್‌ಜಿಂಗ್ ನಗರದಲ್ಲಿ ಮತ್ತೆ ವಿದೇಶಿಯರ ಮೇಲೆ ದಾಳಿಯಾದಾಗ ಅವಳ ಕುಟುಂಬವನ್ನು ತನ್ನ ಗುಡಿಸಲಿನಲ್ಲಿ ಬಚ್ಚಿಟ್ಟು ಉಳಿಸಿದವಳು ಒಬ್ಬ ಬಡ ಚೀನೀ ಹೆಂಗಸು. ನಾಲ್ಕು ವರ್ಷದ ನಂತರ ಚೀನೀ ರೈತನ ಬದುಕಿನ ಮೇಲೆ ಪರ್ಲ್ ಬರೆದ ‘ದಿ ಗುಡ್ ಅರ್ತ್’ ಬಂತು. 1938ರಲ್ಲಿ ನೊಬೆಲ್. ಸಾಹಿತ್ಯಕ್ಕೆ ಆ ಬಹುಮಾನ ಪಡೆದ ಮೊದಲ ಅಮೆರಿಕನ್ ಮಹಿಳೆ ಅವಳು.

ಎಪ್ಪತ್ತೊಂಬತ್ತು ದಾಟಿದ ಮೇಲೆ, 1972ರಲ್ಲಿ, ಇನ್ನೊಮ್ಮೆ ಚೀನಾ ನೋಡಬೇಕೆಂದು ಆಸೆಪಟ್ಟಳು. ವೀಸಾ ಕೊಡಲಿಲ್ಲ. ಮರುವರ್ಷ ತೀರಿಕೊಂಡಳು. ಅಮೆರಿಕದ ಪೆನ್ಸಿಲ್ವೇನಿಯಾದ ಅವಳ ತೋಟದಲ್ಲಿ ಸಮಾಧಿ ಇದೆ. ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಹೆಸರಿಲ್ಲ. ಚೀನೀ ಅಕ್ಷರಗಳಲ್ಲಿ ಅವಳ ಬಾಲ್ಯದ ಹೆಸರು ಮಾತ್ರ. ಅವಳೇ ಹಾಗೆ ಮಾಡಿಸಿದ್ದು. ಈಗ ಝೆಂಜಿಯಾಂಗ್‌ನಲ್ಲಿ ಅವಳ ಮನೆಯನ್ನು ಚೀನೀಯರೇ ವಸ್ತುಸಂಗ್ರಹಾಲಯ ಮಾಡಿ ಕಾಪಾಡಿದ್ದಾರೆ.

ಇನ್ನೊಬ್ಬನ ಕಥೆ ಹೇಳದೆ ಹೋದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಎರಿಕ್ ಲಿಡೆಲ್ ಹುಟ್ಟಿದ್ದು 1902ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ. ತಂದೆ ತಾಯಿ ಸ್ಕಾಟ್‌ಲೆಂಡಿನ ಮಿಷನರಿಗಳು. ಆರನೆಯ ವಯಸ್ಸಿಗೆ ಅವನನ್ನೂ ಎಂಟು ವರ್ಷದ ಅಣ್ಣನನ್ನೂ ಲಂಡನ್ನಿನ ವಸತಿ ಶಾಲೆಗೆ ಸೇರಿಸಿದರು. ಅದರ ಹೆಸರೇ ‘ಮಿಷನರಿಗಳ ಗಂಡುಮಕ್ಕಳ ಶಾಲೆ’! ಅಷ್ಟು ಮಕ್ಕಳು ಹೀಗೆ ಬರುತ್ತಿದ್ದರೆಂದೇ ಅವರಿಗಾಗಿ ಬೇರೆ ಶಾಲೆ. ಓದು ಮುಗಿಯುವವರೆಗೆ ಆ ಅಣ್ಣ ತಮ್ಮ ತಂದೆ ತಾಯಿಯನ್ನು ಕಂಡದ್ದು ಬೆರಳಲ್ಲಿ ಎಣಿಸುವಷ್ಟು ಸಲ.

ಎರಿಕ್ ದೊಡ್ಡ ಓಟಗಾರನಾದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಸುತ್ತು ಭಾನುವಾರ ಬಿತ್ತು. ಭಾನುವಾರ ದೇವರ ದಿನ, ಓಡಲಾರೆ ಎಂದುಬಿಟ್ಟ. ದೇಶವೇ ಒತ್ತಾಯಿಸಿದರೂ ಬಗ್ಗಲಿಲ್ಲ. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಮರುವರ್ಷ ಎಲ್ಲ ಬಿಟ್ಟು ಚೀನಾಕ್ಕೆ ಮೇಷ್ಟ್ರಾಗಿ ಹೋದ.

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ವಿದೇಶಿಯರನ್ನು ಹಿಡಿದು ವೆಯಿಷಿಯನ್ ಎಂಬಲ್ಲಿ ಶಿಬಿರದಲ್ಲಿಟ್ಟರು. ಎರಿಕ್ ಮೊದಲೇ ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿದ್ದ. ಮೂರನೆಯ ಮಗಳ ಮುಖ ಅವನು ನೋಡಲೇ ಇಲ್ಲ. ಆ ಶಿಬಿರದಲ್ಲಿ ಮಿಷನರಿ ಮಕ್ಕಳ ವಸತಿ ಶಾಲೆಯೊಂದರ ವಿದ್ಯಾರ್ಥಿಗಳೂ ಸಿಕ್ಕಿಬಿದ್ದಿದ್ದರು. ಅಪ್ಪ ಅಮ್ಮ ಎಲ್ಲೋ, ಇವರು ಇಲ್ಲಿ. ಎರಿಕ್ ಅವರಿಗೆ ಪಾಠ ಹೇಳಿದ, ಆಟ ಆಡಿಸಿದ, ಹರಿದ ಹಾಕಿ ಕೋಲುಗಳಿಗೆ ಬಟ್ಟೆ ಸುತ್ತಿ ರಿಪೇರಿ ಮಾಡಿಕೊಟ್ಟ. ಮಕ್ಕಳೆಲ್ಲ ಅವನನ್ನು ಎರಿಕ್ ಮಾಮ ಎನ್ನುತ್ತಿದ್ದರು. ಭಾನುವಾರ ಆಟವಿಲ್ಲ ಎನ್ನುವುದು ಅವನ ನಿಯಮ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ, ತೀರ್ಪುಗಾರನಿಲ್ಲದೆ ಬಡಿದಾಡಿಕೊಂಡರು. ಮುಂದಿನ ಭಾನುವಾರ ಸೀಟಿ ಹಿಡಿದು ಮೈದಾನಕ್ಕೆ ಬಂದವನು ಎರಿಕ್! ಒಲಿಂಪಿಕ್ಸ್‌ಗಾಗಿ ಮುರಿಯದ ನಿಯಮವನ್ನು ಅವನು ಆ ಮಕ್ಕಳಿಗಾಗಿ ಮುರಿದ. ಆರನೇ ವಯಸ್ಸಿಗೆ ಬೇರೆಯವರ ಕೈಗೆ ಒಪ್ಪಿಸಲ್ಪಟ್ಟವನಿಗೆ ಆ ಮಕ್ಕಳ ಭಾನುವಾರ ಎಷ್ಟು ಉದ್ದ ಎಂದು ಗೊತ್ತಿತ್ತೇನೋ. 1945ರ ಫೆಬ್ರವರಿಯಲ್ಲಿ ಮಿದುಳಿನ ಗಡ್ಡೆಯಿಂದ ಅಲ್ಲೇ ಕಣ್ಣು ಮುಚ್ಚಿದ. ಆರು ತಿಂಗಳಿಗೆ ಶಿಬಿರದ ಬಾಗಿಲು ತೆರೆಯಿತು.

ಇಂಥ ಮಕ್ಕಳಿಗೆ ಈಗ ಒಂದು ಹೆಸರಿದೆ: ‘ಥರ್ಡ್ ಕಲ್ಚರ್ ಕಿಡ್ಸ್’, ಎಂದರೆ ಮೂರನೆಯ ಸಂಸ್ಕೃತಿಯ ಮಕ್ಕಳು. ಅಪ್ಪ ಅಮ್ಮನ ದೇಶದ್ದು ಒಂದು, ಬೆಳೆದ ದೇಶದ್ದು ಇನ್ನೊಂದು, ಎರಡರ ನಡುವೆ ಮಕ್ಕಳು ತಾವೇ ಕಟ್ಟಿಕೊಂಡದ್ದು ಮೂರನೆಯದು. ಈ ಹೆಸರನ್ನು ಕೊಟ್ಟ ರೂತ್ ಯೂಸೀಮ್ ಎಂಬ ಅಮೆರಿಕನ್ ವಿದ್ವಾಂಸೆಗೆ ಆ ಯೋಚನೆ ಬಂದದ್ದು 1950ರ ದಶಕದಲ್ಲಿ, ನಮ್ಮ ಭಾರತದಲ್ಲಿ ವಾಸವಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡುವಾಗ. ಆಗ ಅವರ ಮಕ್ಕಳು ಇಲ್ಲಿದ್ದರು. ಈಗ ನಮ್ಮ ಮಕ್ಕಳು ಅಲ್ಲಿದ್ದಾರೆ.

ಇನ್ನು ಸೇತುವೆಯ ಮೇಲೆ ನನ್ನ ಮಗಳು ಏಕೆ ಸುಮ್ಮನಾದಳು ಎಂಬ ವಿಷಯ.

1986ರಲ್ಲಿ ನನಗೆ ಮಲೆನಾಡಿನ ಒಂದು ಹಳ್ಳಿಯ ಶಾಖೆಗೆ ವರ್ಗವಾಯಿತು. ಶಿವಮೊಗ್ಗದಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ, ಮಳೆಗಾಲದಲ್ಲಿ ನಾಲ್ಕು. ಅಲ್ಲಿದ್ದದ್ದು ಒಬ್ಬರೇ ಮೇಷ್ಟ್ರ ಶಾಲೆ. ಮಗಳಿಗೆ ಏಳು ವರ್ಷ, ಓದಿನಲ್ಲಿ ಚುರುಕು. ಅವಳ ಓದು ಹಾಳಾಗಬಾರದು ಎಂದು ಶಿವಮೊಗ್ಗದಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಬಿಟ್ಟೆವು. ಮೂರು ವರ್ಷ ಅಲ್ಲಿದ್ದಳು. ಬಿಡುವಾಗ, “ಪ್ರತಿ ಶನಿವಾರ ಬರುತ್ತೇನೆ ಪುಟ್ಟಿ” ಎಂದು ಹೇಳಿದ್ದೆ. ಆಗ ಬ್ಯಾಂಕಿಗೆ ಶನಿವಾರ ಅರ್ಧ ದಿನ. ಒಂದೂವರೆಯ ಬಸ್ಸು ಹಿಡಿದರೆ ನಾಲ್ಕಕ್ಕೆ ಅಕ್ಕನ ಮನೆ.

ಎಷ್ಟೋ ಶನಿವಾರ ಹೋದೆ. ಎಷ್ಟೋ ಶನಿವಾರ ಹೋಗಲಿಲ್ಲ. ಆಗ ಕಂಪ್ಯೂಟರ್ ಇಲ್ಲ, ದಪ್ಪ ದಪ್ಪ ಲೆಡ್ಜರುಗಳು. ಒಂದೊಂದು ಖಾತೆಯ ಬಾಕಿಯನ್ನೂ ಕೂಡಿಸಿ ಒಟ್ಟು ಮೊತ್ತಕ್ಕೆ ತಾಳೆ ನೋಡಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೂ ಬಿಡುವ ಹಾಗಿಲ್ಲ. ಅದು ಸಿಕ್ಕುವವರೆಗೆ ರಾತ್ರಿ ಎಂಟೋ ಒಂಬತ್ತೋ. “ಹತ್ತು ಪೈಸೆ ಹುಡುಕಿದವನು” ಎಂದು ಮ್ಯಾನೇಜರು ನನ್ನ ಬೆನ್ನು ತಟ್ಟುತ್ತಿದ್ದರು. ನನಗೂ ಅದು ಹೆಮ್ಮೆ.

ಈ ಸಲ ಅವರು ಹೊರಡುವ ಹಿಂದಿನ ರಾತ್ರಿ, ಹುಡುಗ ಮಲಗಿದ ಮೇಲೆ, ಧೈರ್ಯ ಮಾಡಿ ಮಗಳನ್ನು ಕೇಳಿದೆ. “ಆ ದಿನ ಸೇತುವೆಯ ಮೇಲೆ ನಿನಗೆ ಅತ್ತೆಯ ಮನೆ ನೆನಪಾಯಿತಾ?”

ಅವಳು ಸೂಟ್‌ಕೇಸಿಗೆ ಹಪ್ಪಳದ ಕಟ್ಟು ಇಡುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು. “ಅಪ್ಪ, ಅತ್ತೆ ನನಗೇನೂ ಕಡಿಮೆ ಮಾಡಲಿಲ್ಲ. ಬಿಟ್ಟಿರಿ ಅಂತ ನನಗೆ ಸಿಟ್ಟೂ ಇಲ್ಲ. ಓದಿದ್ದಕ್ಕೇ ತಾನೇ ಇವತ್ತು ಹೀಗಿರೋದು? ಶನಿವಾರ ಮಾತ್ರ ನಾಲ್ಕು ಗಂಟೆಗೆ ಗೇಟಿನ ಹತ್ತಿರ ಕಟ್ಟೆ ಮೇಲೆ ಕೂರ್ತಿದ್ದೆ. ನೀವು ಬರಲ್ಲ ಅಂತ ಗೊತ್ತಾಗ್ತಿದ್ದದ್ದು ಕತ್ತಲಾದ ಮೇಲೆ. ಬರಲ್ಲ ಅಂತ ಮೊದಲೇ ಗೊತ್ತಾಗಿದ್ದಿದ್ದರೆ ಆಟಕ್ಕಾದರೂ ಹೋಗ್ತಿದ್ದೆ.”

ಅಷ್ಟು ಹೇಳಿ, “ಈ ಉಪ್ಪಿನಕಾಯಿ ಬಾಟಲಿ ಸೋರಲ್ಲ ತಾನೇ?” ಎಂದು ಅಮ್ಮನನ್ನು ಕೇಳಲು ಅಡುಗೆಮನೆಗೆ ಹೋದಳು.

ನಾನು ಅಲ್ಲೇ ಕುಳಿತಿದ್ದೆ. ಆ ಒಂದೂವರೆ ಬಸ್ಸಿನ ಕಂಡಕ್ಟರ್ ನಮ್ಮ ಬ್ಯಾಂಕಿನ ಗಿರಾಕಿ. ದಿನಾ ಕಾಣುತ್ತಿದ್ದವರು. ‘ಈ ವಾರ ಬರುವುದಿಲ್ಲ ಪುಟ್ಟಿ’ ಎಂದು ಒಂದು ಚೀಟಿ ಬರೆದು ಕೊಟ್ಟಿದ್ದರೆ ತಲುಪಿಸುತ್ತಿದ್ದರು. ಅಕ್ಕನ ಮನೆ ಬಸ್‌ಸ್ಟಾಂಡಿನ ಹಿಂದಿನ ಬೀದಿಯಲ್ಲೇ ಇತ್ತು. ಮೂರು ವರ್ಷದಲ್ಲಿ ಒಂದು ಸಲವೂ ಅದು ನನಗೆ ಹೊಳೆಯಲಿಲ್ಲ. ಹತ್ತು ಪೈಸೆ ಬಿಡದವನು ಈ ಬಾಕಿಯನ್ನು ಮೂವತ್ತೈದು ವರ್ಷಕ್ಕೂ ಮೇಲೆ ನೋಡದೆ ಬಿಟ್ಟಿದ್ದೆ. ಮೇರಿಯ ಅಪ್ಪ ಅಮ್ಮನಿಗೆ ನಡುವೆ ಸಮುದ್ರ ಇತ್ತು, ಹಡಗಿಗೆ ತಿಂಗಳುಗಳು ಬೇಕಿದ್ದವು. ನನಗೆ ಇದ್ದದ್ದು ಎರಡೂವರೆ ಗಂಟೆಯ ದಾರಿ. ಹಾಗಿದ್ದೂ ಕಾಲ್ವ್ ಊರಿನ ಸೇತುವೆಯ ಮೇಲೆ ನಿಂತು ಅವರ ತಪ್ಪು ಎಣಿಸಿದವನು ನಾನು.

ಮಕ್ಕಳನ್ನು ದೂರ ಬಿಡಲೇಬಾರದು ಎಂದು ನಾನು ಹೇಳುವುದಿಲ್ಲ. ಓದಿಗೆ, ಕೆಲಸಕ್ಕೆ, ಕಾಯಿಲೆ ಕಸಾಲೆಗೆ ಬಿಡಬೇಕಾಗುತ್ತದೆ. ಜೊತೆಗೇ ಕರೆದೊಯ್ದರೂ ಅದರದೇ ಕಷ್ಟಗಳಿವೆ. ಪರ್ಲ್‌ಗೆ ಕೊನೆಯವರೆಗೂ ಎರಡು ದೇಶ, ಎರಡರಲ್ಲೂ ಅರ್ಧ ಬಾಗಿಲು. ಆದರೆ ಮಕ್ಕಳು ಕಾಯುತ್ತಾರೆ. ಬರುತ್ತೇನೆ ಎಂದರೆ ಬರಬೇಕು. ಬರಲಾಗದಿದ್ದರೆ ಕತ್ತಲಾಗುವ ಮೊದಲೇ ತಿಳಿಸಬೇಕು. ಮನೆಯಲ್ಲಿ ಹಾಸ್ಟೆಲ್ಲಿನ ಮಗುವೋ ಅಜ್ಜಿ ಮನೆಯಲ್ಲಿ ಬಿಟ್ಟ ಮಗುವೋ ಇರುವ ಓದುಗರು ಇದನ್ನು ಈ ಮುದುಕನ ಕಿವಿಮಾತು ಎಂದು ತಿಳಿಯಿರಿ.

ಮೊಮ್ಮಗನಿಗೆ ನಾನು ಉತ್ತರ ಕೊಡಲಿಲ್ಲ. ಪರ್ಲ್‌ಳ ಸಮಾಧಿಯ ಕಲ್ಲಿನ ಕಥೆ ಮಾತ್ರ ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, “ಅವರು ಕಲ್ಲಿನ ಮೇಲೆ ಎರಡೂ ಭಾಷೆ ಬರೆಸಬಹುದಿತ್ತಲ್ಲ ಅಜ್ಜ, ಜಾಗ ಇರಲಿಲ್ವಾ?” ಎಂದು ಕೇಳಿದ. ಹೊರಡುವ ದಿನ ಹಾಲಿನ ಬೂತಿನ ಅಜ್ಜಿ ಮತ್ತೆ ಸಿಕ್ಕು, “ಊರಿಗೆ ಹೊರಟೆಯಾ ಮರಿ?” ಎಂದರು. “ಹೂಂ ಅಜ್ಜಿ, ಆ ಊರಿಗೆ” ಎಂದು ಕೈ ತೋರಿಸಿದ. ಯಾವ ದಿಕ್ಕಿಗೆ ತೋರಿಸಿದನೋ, ಜರ್ಮನಿ ಅತ್ತ ಕಡೆ ಇಲ್ಲ.

ಈಗ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ನಾನು ಫೋನ್ ಮಾಡುತ್ತೇನೆ. ಹುಡುಗನ ಜೊತೆ ಮಾತು ಮುಗಿದ ಮೇಲೆ ಮಗಳ ಜೊತೆಯೂ ಐದು ನಿಮಿಷ. ಮುಂದಿನ ಶನಿವಾರ ನನಗೆ ಕಣ್ಣಿನ ಆಪರೇಷನ್ ಇದೆ, ಆ ದಿನ ಆಗುವುದಿಲ್ಲ. ಅದನ್ನು ಮೊನ್ನೆಯೇ ತಿಳಿಸಿದ್ದೇನೆ.